ಕಾಣೆಯಾದವರ ಕಚೇರಿಯ ಹುಡುಕಕ್ಕ

ಕಾಣೆಯಾದವರ ವಿವರ ಬರೆದುಕೊಳ್ಳುವ ಕಚೇರಿಯಲ್ಲಿ ಅವಳನ್ನು ಎಲ್ಲರೂ ಹುಡುಕಕ್ಕ ಎನ್ನುತ್ತಿದ್ದರು. ಅವಳಿಗೆ ಹೇಳಿದರೆ ಕಳೆದುಹೋದ ಕೊಡೆಯೂ ಸಿಕ್ಕೀತು ಎಂದು ತಮಾಷೆ ಮಾಡುತ್ತಿದ್ದರು. ವರ್ಷಗಳ ಹಿಂದೆ ಒಂದು ದಿನ ಬೆಳಿಗ್ಗೆ ಕೆಲಸಕ್ಕೆ ಹೋದ ಅವಳ ತಂಗಿ ಮನೆಗೆ ಮರಳಿರಲಿಲ್ಲ. ಅದರ ಮರುವರ್ಷವೇ ಇವಳು ಈ ನೆಲಮಾಳಿಗೆಯ ಕೋಣೆಗೆ ಬಂದು ಕೂತದ್ದು.

ಆಗ ಕಡತದ ರಾಶಿಯಲ್ಲಿ ಒಬ್ಬರನ್ನು ಹುಡುಕಲು ಎರಡು ದಿನ ಹಿಡಿಯುತ್ತಿತ್ತು. ಅವಳು ಅವರಿವರನ್ನು ಕೇಳಿ ಕಲಿತು, ಒಂದು ಸರ್ಚ್ ಎಂಜಿನ್ನನ್ನು ಕಂಟೇನರಿನೊಳಗೆ ಕೂರಿಸಿದಳು. ಕಂಟೇನರೆಂದರೆ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶಕ್ಕೆಂದೇ ಕಟ್ಟಿಕೊಟ್ಟ ಮುಚ್ಚಿದ ಕೋಣೆಯಿದ್ದಂತೆ. 'ಮುರಿದ ಹಲ್ಲು, ನೀಲಿ ಅಂಗಿ' ಎಂದು ಬರೆದರೆ ಸಾಕು, ಹೊಂದುವವರ ಪಟ್ಟಿ ಬಂದುಬಿಡುತ್ತಿತ್ತು. ಏಳು ವರ್ಷದಲ್ಲಿ ಹನ್ನೊಂದು ಸಾವಿರ ಜನರ ವಿವರವನ್ನು ಒಬ್ಬಳೇ ಅದರೊಳಗೆ ತುಂಬಿದಳು. ತುಂಬಿ ಮುಗಿದ ಕಡತಗಳನ್ನು ಗೆದ್ದಲು ಹಿಡಿದಿದೆಯೆಂದು ಮೇಲಿನವರು ರದ್ದಿಗೆ ಹಾಕಿದರು. ಹೀಗೆ ಹುಡುಕಿ ಸಿಕ್ಕ ನಲವತ್ತು ಜನ ಮನೆ ಸೇರಿದರು. ತಂಗಿ ಅವರಲ್ಲಿರಲಿಲ್ಲ.

ಒಂದು ಬೆಳಿಗ್ಗೆ, ಹೊಸ ಆವೃತ್ತಿ ಹಾಕೋಣವೆಂದು ಹಳೆಯ ಕಂಟೇನರನ್ನು ಅಳಿಸಿ ಹೊಸದನ್ನು ಎಬ್ಬಿಸಿದಳು. ಏನು ಹುಡುಕಿದರೂ ಸೊನ್ನೆ. ತಂಗಿಯ ಹೆಸರು ಹಾಕಿದಳು. ಅದಕ್ಕೂ ಸೊನ್ನೆ.

ಮೇಲಿನ ಮಹಡಿಯ ತಂತ್ರಜ್ಞ ಬಂದು ನೋಡಿದ. "ಡೇಟಾನ ಕಂಟೇನರಿನ ಹೊರಗಿನ ಫೋಲ್ಡರಿಗೆ ಜೋಡಿಸಿರಲಿಲ್ವಾ ಮೇಡಂ?"

"ಇಲ್ಲ. ಇಷ್ಟು ವರ್ಷ ಸರಿಯಾಗೇ ನಡೀತಲ್ಲಪ್ಪ? ಎಷ್ಟು ಸಲ ನಿಲ್ಲಿಸಿ ಶುರು ಮಾಡಿಲ್ಲ!"

"ನಿಲ್ಲಿಸಿದ್ರೆ ಏನೂ ಆಗಲ್ಲ. ಅಳಿಸಿದ್ರೆ ಒಳಗಿದ್ದದ್ದೂ ಹೋಯ್ತು."

ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಅಧಿಕಾರಿ ಬೈಯಲಿಲ್ಲ. "ಹೋಗ್ಲಿ ಬಿಡಮ್ಮ, ಈಗ ಯಾರು ಬಂದು ಕೇಳ್ತಾರೆ" ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಈ ಸಲ ಫೋಲ್ಡರು ಜೋಡಿಸಿ ಮೊದಲಿನಿಂದ ಶುರುಮಾಡಿದಳು. ಬಾಗಿಲ ಬಳಿಯ ಭೇಟಿ ಪುಸ್ತಕದಲ್ಲಿ ಕಾಣೆಯಾದವರ ಮನೆಯವರು ಬರೆದಿದ್ದ ನಂಬರುಗಳಿಗೆ ಒಂದೊಂದಾಗಿ ಫೋನು ಮಾಡಿದಳು. ಮುಕ್ಕಾಲು ಪಾಲು ಹತ್ತಲೇ ಇಲ್ಲ. ಹತ್ತಿದ ಕಡೆ ಒಬ್ಬ ಅಜ್ಜಿ, "ಅವನ ಆಸೆ ಬಿಟ್ಟು ಈಗಷ್ಟೇ ನಿದ್ದೆ ಮಾಡೋದು ಕಲ್ತಿದ್ದೀವಿ ಮಗಳೇ, ಮತ್ತೆ ಕೆದಕಬೇಡ" ಎಂದು ಫೋನಿಟ್ಟುಬಿಟ್ಟಳು.

ಸಂಜೆ ಅಡುಗೆಮನೆಯಲ್ಲಿ ತಂಗಿಯ ಬಗ್ಗೆ ಅಮ್ಮನನ್ನು ಕೇಳಿದಳು. "ಅಮ್ಮಾ, ಅವಳು ಮೆಟ್ಟಿಲಿಂದ ಬಿದ್ದ ಗಾಯದ ಗುರುತು ಯಾವ ಮೊಣಕಾಲಲ್ಲಿತ್ತು?"

"ಎಡಗಾಲು. ಅಲ್ಲ ಕಣೇ, ಬಲಗಾಲು. ತಾಳು, ಪಟ್ಟಿ ಕಟ್ಟಿದ್ದು ನಾನೇ ಅಲ್ವಾ..."

ಅಮ್ಮ ಒದ್ದೆ ಕೈಯಲ್ಲೇ ಸ್ಟೂಲಿನ ಮೇಲೆ ಕೂತು, ತನ್ನ ಎರಡೂ ಮೊಣಕಾಲನ್ನು ಒಂದಾದ ಮೇಲೊಂದು ಮುಟ್ಟಿ ನೋಡಿಕೊಂಡಳು. "ನಿಂಗೆ ನೆನಪಿರಬೇಕಲ್ಲೇ, ನೀನು ಅಕ್ಕ."

ಅವಳಿಗೂ ನೆನಪಾಗಲಿಲ್ಲ. ಮರುದಿನ ಗುರುತಿನ ಜಾಗವನ್ನು ಖಾಲಿ ಬಿಟ್ಟೇ ತಂಗಿಯ ವಿವರ ಸೇರಿಸಿ, ಮುಂದಿನ ನಂಬರು ಒತ್ತಿದಳು.