ಪುಕ್ಕ ಮೂಡದ ಮರಿ

ಇವತ್ತು ನಮ್ಮ ಮೆಟ್ಟಿಲ ಕೆಳಗೆ ಪುಕ್ಕ ಮೂಡದ ಪಾರಿವಾಳದ ಮರಿ ಸಿಕ್ಕಿತು. ಕೂಡಲೇ ಎತ್ತಿಕೊಂಡೆ. ಅದರ ಮೈಯ ಹುಳಿವಾಸನೆಗೆ ಶಹಾಬಾದದ ಮನೆ ನೆನಪಾಯಿತು.

ಅಲ್ಲಿ ಚಳಿಗಾಲದ ಒಂದು ಬೆಳಿಗ್ಗೆ ಇಂಥದೇ ಮರಿ ಅಂಗಳದ ಪರಸಿ ಕಲ್ಲಿನ ಮೇಲೆ ಬಿದ್ದಿತ್ತು. ಎತ್ತಲು ಹೋದ ನನ್ನನ್ನು ಅವ್ವ ತಡೆದಳು. "ಮುಟ್ಟಬ್ಯಾಡ, ಅದರ ತಾಯಿ ಬರ್ತದ."

ಬಾಗಿಲ ಸಂದಿಯಲ್ಲಿ ನಿಂತು ಕಾದೆವು. ತಾಯಿ ಬರಲಿಲ್ಲ. ಮರಿಯ ಕೂಗು ಸಣ್ಣದಾಗುತ್ತ ಹೋಯಿತು.

"ಅವ್ವಾ, ಅದು ಸಾಯ್ಲಿಕತ್ತದ," ಎಂದು ನಾನು ಅತ್ತೆ.

ಅವ್ವ ಓಡಿಹೋಗಿ ಮುಟ್ಟಿದಳು. ಮೈ ತಣ್ಣಗಾಗಿತ್ತು. ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಒಲೆಯ ಮುಂದೆ ಕುಳಿತಳು.

"ಪುಕ್ಕ ಬಂದಿದ್ರ ಕಾಯಬೇಕಿತ್ತು. ಇದು ಭಾಳ ಸಣ್ಣದು, ಆಗಲೇ ಎತ್ತಬೇಕಿತ್ತು ನೋಡು."

ಸಂಜೆಗೆ ಅದರ ಕತ್ತು ಜೋತುಬಿತ್ತು. ಅವ್ವ ಮಾತ್ರ ಸೆರಗು ಬಿಚ್ಚಲಿಲ್ಲ.

ಇವತ್ತಿನ ಮರಿ ಇನ್ನೂ ಬೆಚ್ಚಗಿದೆ. ದನದ ದವಾಖಾನೆಯ ಬಾಗಿಲು ತೆಗೆಯುವುದನ್ನೇ ಕಾಯುತ್ತ, ಒಂದು ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ.