ಬೂದಿ ಬಿಡದ ಬೆಂಕಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ವೈಟ್‌ಫೀಲ್ಡಿನ ಒಂದು ಹಳೆಯ ಬಂಗಲೆಯ ಅರ್ಧ ಭಾಗದಲ್ಲಿ ಬಾಡಿಗೆಗೆ ಇದ್ದೆವು. ನನ್ನ ಗಂಡನಿಗೆ ಮಾರತ್ತಹಳ್ಳಿಯ ಆಚೆಗಿನ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಕ್ವಾರ್ಟರ್ಸ್ ಸಿಗುವವರೆಗೆ ಎಂದು ಹೋದವರು ಅಲ್ಲೇ ಉಳಿದೆವು. ಬಂಗಲೆಯ ಇನ್ನರ್ಧದಲ್ಲಿ ಮನೆಯ ಒಡತಿ ಇದ್ದರು. ವಯಸ್ಸಾದ ಆಂಗ್ಲೋ ಇಂಡಿಯನ್ ಹೆಂಗಸು, ಒಂಟಿ. ನಮ್ಮ ಭಾಗದಲ್ಲಿ ನಾನು, ನನ್ನ ಗಂಡ ಮತ್ತು ಮಡಿ ಬಿಡದ ನನ್ನ ಅತ್ತೆ.

ಬಂಗಲೆಯನ್ನು ಎರಡು ಮಾಡುವಾಗ ನಡುವೆ ಒಂದು ಗೋಡೆ ಎಬ್ಬಿಸಿದ್ದರು. ಗೋಡೆ ಎಬ್ಬಿಸಿದವರು ಅಡುಗೆಮನೆ ಯಾವ ಕಡೆಗೆ ಹೋಗುತ್ತದೆ ಎಂದು ನೋಡಿರಲಿಲ್ಲ. ಅದು ಒಡತಿಯ ಕಡೆಗೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ಒಂದು ದೊಡ್ಡ ಹಾಲ್, ಎರಡು ಕೋಣೆ, ಬಚ್ಚಲು. ಹಾಲಿನ ಒಂದು ಗೋಡೆಯಲ್ಲಿ ಆಳೆತ್ತರದ ಗೂಡಿನಂಥದ್ದು ಇತ್ತು. ಮೇಲೆ ಹೊಗೆಗೂಡು, ಕೆಳಗೆ ಕಲ್ಲಿನ ಹಾಸು. ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳುವ ಫೈರ್‌ಪ್ಲೇಸ್ ಎಂದು ಒಡತಿ ವಿವರಿಸಿದರು.

ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟು ದೊಡ್ಡ ಒಲೆ ಕಟ್ಟಿ ಪಾತ್ರೆ ಇಡೋಕೆ ಜಾಗಾನೇ ಬಿಟ್ಟಿಲ್ಲವಲ್ಲ," ಎಂದರು.

"ಅದು ಅಡುಗೆಗಲ್ಲ ಅಮ್ಮ. ಮುಂದೆ ಕುರ್ಚಿ ಹಾಕ್ಕೊಂಡು ಕೂರೋಕೆ," ಎಂದರು ನನ್ನ ಗಂಡ.

"ಬೆಂಕಿ ಹಾಕಿ ಸುಮ್ಮನೆ ಕೂರ್ತಾರಾ? ಅನ್ನ ಆದ್ರೂ ಆಗಲಿ."

ಅವತ್ತಿನಿಂದ ಅದು ಗೋಡೆ ಒಲೆ. ಅದರೊಳಗೆ ಮಣ್ಣಿನ ಒಲೆ ಹಾಕಿಸಿ, ಸಗಣಿ ಸಾರಿಸಿ, ರಂಗೋಲಿ ಇಟ್ಟು ಅಡುಗೆ ಶುರುಮಾಡಿದರು. ವರ್ತೂರಿನಿಂದ ಗಾಡಿಯಲ್ಲಿ ಸರ್ವೆ ಸೌದೆ ಬರುತ್ತಿತ್ತು. ತೊಂದರೆ ಎಂದರೆ, ಮುಂಬಾಗಿಲು ನೇರವಾಗಿ ಹಾಲಿಗೆ ತೆರೆಯುತ್ತಿತ್ತು, ಹಾಲ್ ಈಗ ಮಡಿ ಅಡುಗೆಮನೆಯಾಗಿತ್ತು. ಹೊರಗಿನವರು ಒಳಗೆ ಕಾಲಿಡುವಂತಿರಲಿಲ್ಲ. ಹೀಗಾಗಿ ನಮ್ಮ ಮನೆಗೆ ಬಂದವರನ್ನೆಲ್ಲ ಹಿಂದಿನಿಂದ ಸುತ್ತಿಸಿ ಬಚ್ಚಲಿನ ಬಾಗಿಲಿನಿಂದ ಕರೆದುಕೊಳ್ಳುತ್ತಿದ್ದೆವು. ಗಂಡನ ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಹೆಂಡತಿಯ ಸಮೇತ ಬಂದಾಗ ಇಬ್ಬರೂ ಹಂಡೆಯ ಪಕ್ಕ ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ಜಾಗ್ರತೆಯಾಗಿ ಹೆಜ್ಜೆ ಇಟ್ಟು ಬಂದರು. ಯಾಕೆಂದು ಕೇಳಲಿಲ್ಲ.

ಗೋಡೆ ಒಲೆ ಗಾಳಿ ಅನುಕೂಲವಾದ ದಿನ ಹೊಗೆಯನ್ನು ಮೇಲಕ್ಕೆ ಎಳೆಯುತ್ತಿತ್ತು. ಅನುಕೂಲವಾಗದ ದಿನ ಎಲ್ಲವನ್ನೂ ಹಾಲಿಗೇ ಬಿಡುತ್ತಿತ್ತು. ಎರಡನೆಯ ಮಳೆಗಾಲಕ್ಕೆ ನನಗೆ ಉಬ್ಬಸ ಹತ್ತಿಕೊಂಡಿತು. ಮಾತಾಡುವಾಗ ವಾಕ್ಯದ ಮಧ್ಯೆ ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು. ಕಾರ್ಖಾನೆಯ ಡಿಸ್ಪೆನ್ಸರಿಯ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಸೌದೆ ಹೊಗೆ ಇರುವ ಮನೆಯಲ್ಲಿ ಇವರು ಇರಬಾರದು ಎಂದರು. ಗಂಡ ಗ್ಯಾಸಿಗೆ ಹೆಸರು ಬರೆಸಿ ಬಹಳ ಕಾಲವಾಗಿತ್ತು. ಅದೃಷ್ಟಕ್ಕೆ ಆ ವರ್ಷವೇ ಸರದಿ ಬಂತು.

ಮಣ್ಣಿನ ಒಲೆಯನ್ನು ಹೊರಗಿಟ್ಟು, ಗೋಡೆ ಒಲೆಯೊಳಗಿನ ಕಲ್ಲಿನ ಮೇಲೆ ಗ್ಯಾಸ್ ಒಲೆ ಇಟ್ಟೆವು. ಸಿಲಿಂಡರ್ ಪಕ್ಕಕ್ಕೆ. ಗಂಡ ಕಡ್ಡಿ ಗೀರಿದರು. ನೀಲಿ ಬೆಂಕಿ ಉಂಗುರದಂತೆ ಹತ್ತಿತು. ಅತ್ತೆ ಬಗ್ಗಿ ನೋಡಿದರು.

"ಇದಕ್ಕೆ ಬೂದಿ ಎಲ್ಲಿ ಬೀಳತ್ತೆ?"

"ಬೂದಿ ಬರಲ್ಲ ಅಮ್ಮ. ಅದೇ ಅನುಕೂಲ."

"ಬೂದಿ ಬಿಡದ ಬೆಂಕಿ ಬೆಂಕಿ ಅಲ್ಲ ಕಣೋ. ತಿಂದೋನು ಎಲೆಯಲ್ಲಿ ಏನಾದ್ರೂ ಬಿಡ್ತಾನೆ. ಇದು ಏನೂ ತಿಂತಾ ಇಲ್ಲ. ಸುಮ್ಮನೆ ಉರೀತಿದೆ. ಮತ್ತೆ ಅದು ರಬ್ಬರ್ ನಳಿಗೆಯಿಂದ ಬರೋದು."

ಬೈಯಲಿಲ್ಲ, ಅಳಲಿಲ್ಲ. ನೀವು ಮಾಡಿಕೊಂಡು ತಿನ್ನಿ, ನನಗೆ ಬೇಡ ಎಂದರು. ಅವರಿಗೆ ಬೇರೆ ಸೌದೆ ಒಲೆ ಹೂಡಿಕೊಡಲು ಜಾಗವಿರಲಿಲ್ಲ. ಮನೆಯೊಳಗೆ ಎಲ್ಲಿ ಹೂಡಿದರೂ ಹೊಗೆ ನನ್ನ ಎದೆಗೇ ಬರುತ್ತಿತ್ತು, ಹೊರಗೆ ಒಣಗಿದ ಎಲೆಗಳಿಗೆ ಹೆದರಿ ಒಡತಿ ಅಂಗಳದಲ್ಲಿ ಸೌದೆ ಉರಿಸಲು ಬಿಡುತ್ತಿರಲಿಲ್ಲ. ಅತ್ತೆ ನೆನೆಸಿದ ಅವಲಕ್ಕಿ, ಬಾಳೆಹಣ್ಣು, ಹಸಿ ಹೆಸರುಬೇಳೆಗೆ ಇಳಿದರು. ಚಳಿಗಾಲ ಹೋಯಿತು, ಬೇಸಿಗೆ ಬಂತು. ನನ್ನ ಉಸಿರು ಸರಾಗವಾಗುತ್ತ ಹೋದಂತೆ ಅತ್ತೆಯ ಮುಖ ಸಣ್ಣಗಾಗುತ್ತ ಹೋಯಿತು. ಅನ್ನವಿಲ್ಲದೆ ಅವರು ಗೋಡೆ ಹಿಡಿದು ಏಳುವಂತಾದರು. ಎಲೆಯ ಮುಂದೆ ಕೂತರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಆಗ ಮಾವನವರ ತಿಥಿ ಬಂತು. ವರ್ಷಕ್ಕೊಮ್ಮೆಯ ಆ ಅಡುಗೆ ಯಾವ ಬೆಂಕಿಯಲ್ಲಿ ಎಂಬುದು ಪ್ರಶ್ನೆ. ಪಟ್ಟಂದೂರು ಅಗ್ರಹಾರದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಪುರೋಹಿತರನ್ನು ಕೇಳಿದೆವು. ಅವರ ಮನೆಗೂ ಗ್ಯಾಸ್ ಬಂದಿತ್ತು.

"ದಿನದ ಊಟ ನಿಮ್ಮ ನಿಮ್ಮ ಮನಸ್ಸು. ಶ್ರಾದ್ಧಕ್ಕೆ ಮಾತ್ರ ಸೌದೇನೇ ಆಗಲಿ," ಎಂದರು. ತಾವೊಬ್ಬರೇ ಬರುವುದು, ಜೊತೆಗೆ ಕೂರಬೇಕಾದ ಇನ್ನೊಬ್ಬ ಬ್ರಾಹ್ಮಣರ ಜಾಗದಲ್ಲಿ ಒಂದು ಕಟ್ಟು ದರ್ಭೆ ಇಟ್ಟರಾಯಿತು ಎಂದೂ ಹೇಳಿದರು. ಅದು ರೂಢಿಯಲ್ಲಿದ್ದದ್ದೇ.

ಆ ದಿನ ಬೆಳಿಗ್ಗೆ ಗ್ಯಾಸ್ ಒಲೆ, ಸಿಲಿಂಡರ್ ಎರಡನ್ನೂ ವೆರಾಂಡಕ್ಕೆ ಸಾಗಿಸಿ, ಮಣ್ಣಿನ ಒಲೆಯನ್ನು ಗೋಡೆಯೊಳಗೆ ಹೂಡಿದೆವು. ಹೊಗೆಯ ದೆಸೆಯಿಂದ ನನ್ನನ್ನೂ ವೆರಾಂಡಕ್ಕೆ ಸಾಗಿಸಲಾಯಿತು. ಅಕ್ಕಿ, ಬೇಳೆ, ತರಕಾರಿ, ಬಾಳೆಲೆ ಹಸನು ಮಾಡಲು ನನ್ನ ಬಳಿಯೇ ಇದ್ದವು. ತೊಳೆದ ಪಾತ್ರೆ, ರುಬ್ಬಿದ ವಡೆ ಹಿಟ್ಟು, ಎಣ್ಣೆಯೂ ಅಲ್ಲೇ. ಪುರೋಹಿತರು ಒದ್ದೆ ಪಂಚೆಯಲ್ಲಿ ಹಾಲಿನಲ್ಲಿ ಕೂತಿದ್ದರು. ಅತ್ತೆ ಒಲೆ ಹಚ್ಚಿದರು.

ಮುಂದೆ ನಡೆದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮೊದಲು ಒಂದು ವಾಸನೆ ಬಂತು. ಸಿಹಿ, ಬೆಲ್ಲದ ಪಾಕ ಸೀದಂಥದ್ದು. ಹೊಗೆಗೂಡಿನಿಂದ ಏನೋ ಹನಿ ಹನಿಯಾಗಿ ಬೆಂಕಿಗೆ ಬಿದ್ದು ಚುರ್ ಎಂದಿತು. ಅತ್ತೆಯ ಮುಖ ಅರಳಿತು.

"ನೋಡಿದ್ರಾ ಶಾಸ್ತ್ರಿಗಳೇ, ಸೌದೆ ಹಚ್ಚಿದ ತಕ್ಷಣ ಹೇಗೆ ಪರಿಮಳ ಬಂತು."

"ಪಿತೃಗಳು ತೃಪ್ತರಾದ ಲಕ್ಷಣ ತಾಯಿ," ಎಂದು ಪುರೋಹಿತರು ಕಣ್ಣು ಮುಚ್ಚಿದರು.

ಗ್ಯಾಸ್ ಬಂದ ಮೇಲೆ ಆ ಗೂಡಿನಲ್ಲಿ ಹೊಗೆ ಆಡಿರಲಿಲ್ಲ. ಹೊಗೆ ಇಲ್ಲದ ಕತ್ತಲೆಯ ಜಾಗ ನೋಡಿಕೊಂಡು ಜೇನು ಬಂದು ಕಟ್ಟಿತ್ತು. ನಮಗೆ ಗೊತ್ತಿರಲಿಲ್ಲ. ತಟ್ಟೆಯಷ್ಟು ಅಗಲದ ಜೇನುರೊಟ್ಟೊಂದು ಕಳಚಿ ಒಲೆಯ ಮೇಲೆ ಬಿತ್ತು. ಅದರ ಹಿಂದೆಯೇ ಜೇನುಹುಳುಗಳು ಇಳಿದವು. ಪುರೋಹಿತರು ಕಣ್ಣು ತೆರೆದಾಗ ಒಂದು ಹುಳು ರೆಪ್ಪೆಗೇ ಕಚ್ಚಿತು. ಇನ್ನು ಕೆಲವು ಬೋಳಿಸಿದ ತಲೆಯನ್ನು ಆರಿಸಿಕೊಂಡವು. ಗಂಡ ಅಮ್ಮನನ್ನು ಎಳೆದುಕೊಂಡು ಮುಂಬಾಗಿಲಿನಿಂದ ಹೊರಗೆ ಬಂದರು. ಪುರೋಹಿತರಿಗೆ ನಮ್ಮ ಮನೆಯ ರೂಢಿ ಗೊತ್ತಿತ್ತು, ಅಂಥ ಹೊತ್ತಿನಲ್ಲೂ ಅವರು ತಮ್ಮ ಚೀಲ ಹಿಡಿದು ಬಚ್ಚಲಿನ ಬಾಗಿಲಿನಿಂದಲೇ ಹೊರಟು, ಬಂಗಲೆಯನ್ನು ಪೂರ್ತಿ ಸುತ್ತಿ ಓಡಿಬಂದರು. ಜೇನು ಅವರ ಹಿಂದೆಯೇ ಸುತ್ತಿಬಂತು.

ಗಲಾಟೆ ಕೇಳಿ ಒಡತಿ ಹೊರಗೆ ಬಂದರು. ನೋಡಿದವರೇ ಒಳಗೆ ಹೋಗಿ ಚೌಕುಳಿಯ ಕಂಬಳಿಯೊಂದನ್ನು ತಂದು ಪುರೋಹಿತರ ಮೇಲೆ ಹೊದಿಸಲು ಹೋದರು. ಪುರೋಹಿತರು ಹಿಂದೆ ಸರಿದರು. ಮಡಿಯಲ್ಲಿದ್ದಾಗ ಹತ್ತಿ ಬಟ್ಟೆ ಸೋಂಕಿದರೆ ಕೆಟ್ಟಿತು, ಉಣ್ಣೆಯಾದರೆ ದೋಷವಿಲ್ಲ.

"ಉಣ್ಣೆಯದಾ?" ಎಂದು ಕೇಳಿದರು. ಹುಳುಗಳು ಕಿವಿಯ ಸುತ್ತ ಇದ್ದವು.

"ಪ್ಯೂರ್ ವೂಲ್," ಎಂದರು ಒಡತಿ. ಅವರಿಗೆ ಸ್ವಲ್ಪ ಅವಮಾನವಾದಂತಿತ್ತು. "ನಮ್ಮ ಮನೆಯಲ್ಲಿ ಬೇರೆ ಇಡೋದಿಲ್ಲ."

ಪುರೋಹಿತರು ಕಂಬಳಿಯೊಳಗೆ ಹೋದರು.

ಸೌದೆ ತಾನಾಗಿ ಆರಿತು. ಬೆನ್ನಟ್ಟಿ ಬಂದ ಹುಳುಗಳು ಚದುರಿದರೂ ಉಳಿದವು ಹಾಲಿನಲ್ಲೇ ಸುತ್ತುತ್ತಿದ್ದವು, ಒಳಗೆ ಹೋಗುವಂತಿರಲಿಲ್ಲ. ವೆರಾಂಡದಲ್ಲಿ ನಾವು ನಾಲ್ವರು, ಒಡತಿ, ಹಸನು ಮಾಡಿದ ಅಕ್ಕಿ ಬೇಳೆ, ಗ್ಯಾಸ್ ಒಲೆ. ಸೂರ್ಯ ನೆತ್ತಿ ದಾಟಿದ್ದ. ಪಿಂಡದ ಹೊತ್ತು ಮೀರಿದರೆ ಆ ವರ್ಷದ ತಿಥಿ ತಪ್ಪಿದಂತೆಯೇ. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

ಕಂಬಳಿಯೊಳಗಿನಿಂದ ಮಾತು ಬಂತು.

"ತಾಯಿ, ಒಂದು ಉಪಾಯ ಇದೆ." ಪುರೋಹಿತರು ಚೀಲದಿಂದ ಬೆರಳುದ್ದದ ಸಮಿತ್ತೊಂದನ್ನು ತೆಗೆದರು. ಅತ್ತಿಯ ಚಕ್ಕೆ. "ಇದನ್ನ ಗ್ಯಾಸಿನ ಉರಿ ಮೇಲೆ ಇಡೋಣ. ಇದು ಹತ್ತಿಕೊಂಡರೆ ಅದು ಸೌದೆ ಬೆಂಕಿ. ಗ್ಯಾಸು ಬರೀ ತುಪ್ಪ ಹೊಯ್ದ ಹಾಗೆ, ಸಹಾಯಕ್ಕೆ."

"ಇಷ್ಟು ಚಕ್ಕೇಲಿ ಅಡುಗೆ ಆಗತ್ತಾ?" ಎಂದರು ಅತ್ತೆ.

"ಒಬ್ಬ ಬ್ರಾಹ್ಮಣನ ಬದಲು ಒಂದು ಹಿಡಿ ಹುಲ್ಲು ನಡೆಯತ್ತೆ. ಒಂದು ಗಾಡಿ ಸೌದೆ ಬದಲು ಒಂದು ಚಕ್ಕೆ ನಡೆಯಲ್ವಾ?"

"ನಿಮ್ಮ ಕಣ್ಣು ಊದಿಕೊಂಡಿದೆ ಶಾಸ್ತ್ರಿಗಳೇ. ಸರಿಯಾಗಿ ನೋಡಿ ಹೇಳಿ."

"ಒಂದು ಕಣ್ಣಲ್ಲಿ ಚೆನ್ನಾಗೇ ಕಾಣಿಸ್ತಿದೆ ತಾಯಿ."

ಅತ್ತೆ ಚಕ್ಕೆಯನ್ನೂ ಗ್ಯಾಸ್ ಒಲೆಯನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು. "ಆಗಲಿ. ಕಾಗೆಗೆ ಇಟ್ಟಾಗ ಅವರು ಬಂದು ಮುಟ್ಟಿದ್ರೆ ನಾನೂ ಈ ಒಲೆ ಅನ್ನ ತಿಂತೀನಿ, ಇವತ್ತೂ, ನಾಳೆನೂ. ಮುಟ್ಟದಿದ್ರೆ ಯಾರೂ ನನಗೆ ಇನ್ನು ಹೇಳಬಾರದು."

ಅವರು ಎಂದರೆ ಮಾವ. ತಿಥಿಯ ದಿನ ಅವರು ಕಾಗೆಯಾಗಿ ಬರುತ್ತಾರೆ ಎಂಬುದರಲ್ಲಿ ಅತ್ತೆಗೆ ಸಂಶಯವಿರಲಿಲ್ಲ. ಗಂಡ ನನ್ನನ್ನು ನೋಡಿದರು. ನಾನು ಒಲೆಯನ್ನು ನೋಡಿದೆ.

ಚಕ್ಕೆ ಹತ್ತಿಕೊಂಡಿತು. ಒಡತಿ ತಂದ ನೀರು ಬೇಡವೆಂದು ಗಂಡ ಬಾವಿಯಿಂದ ಸೇದಿ ತಂದರು. ಅತ್ತೆ ಪಾತ್ರೆ ಮುಟ್ಟಲಿಲ್ಲ. ಏನು ಎಷ್ಟು ಹಾಕಬೇಕೆಂದು ಕೂತಲ್ಲಿಂದಲೇ ಹೇಳಿದರು, ನಾನು ಮಾಡಿದೆ. ಅನ್ನ, ತೊವ್ವೆ, ವಡೆ ಆದವು. ಚಕ್ಕೆ ಬೂದಿಯಾದಾಗಲೆಲ್ಲ ಪುರೋಹಿತರು ಕಂಬಳಿಯಿಂದ ಕೈ ಚಾಚಿ ಇನ್ನೊಂದನ್ನು ಇಡುತ್ತಿದ್ದರು. ಬೂದಿ ಒಲೆಯ ತೂತುಗಳೊಳಗೆ ಬಿದ್ದು ಉರಿ ಒಂದು ಕಡೆ ಕುಂಟುತ್ತಿತ್ತು.

ಪಿಂಡವಾಯಿತು. ಗಂಡ ಅಂಗಳದಲ್ಲಿ ಎಲೆ ಇಟ್ಟು ಅನ್ನ, ವಡೆ ಬಡಿಸಿ ಕಾಗೆಯನ್ನು ಕರೆದರು. ಕಾಂಪೌಂಡಿನ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಎಲೆಯ ಕಡೆ ತಿರುಗಲಿಲ್ಲ. ಎಲ್ಲವೂ ಒಡತಿಯ ಬಾಗಿಲನ್ನೇ ನೋಡುತ್ತಿದ್ದವು.

"ಬಂತಾ?" ಎಂದರು ಪುರೋಹಿತರು. ಅಷ್ಟರಲ್ಲಿ ಅವರ ಎರಡನೆಯ ಕಣ್ಣೂ ಮುಚ್ಚಿಕೊಂಡಿತ್ತು.

"ಇಲ್ಲ."

"ಅವು ಬರೋದಿಲ್ಲ," ಎಂದರು ಒಡತಿ. "ದಿನಾ ಬೆಳಿಗ್ಗೆ ನಾನು ಬ್ರೆಡ್ ಹಾಕ್ತೀನಿ. ಇವತ್ತು ನಿಮ್ಮ ಪೂಜೆ ಅಂತ ಹಾಕಿಲ್ಲ. ಅದಕ್ಕೆ ಕಾಯ್ತಾ ಇವೆ."

ಗಂಡ ಮೆಲ್ಲಗೆ ಹೇಳಿದರು. "ಒಂದು ಚೂರು ಬ್ರೆಡ್ ಆ ಕಡೆ ಇಟ್ರೆ ಕೆಳಗಾದ್ರೂ ಇಳೀತಾವೆ ಅಮ್ಮ."

ಅತ್ತೆ ಒಡತಿಯನ್ನು ಕೇಳಿದರು. "ಆ ಬ್ರೆಡ್ ಯಾವ ಬೆಂಕೀಲಿ ಸುಟ್ಟಿದ್ದು?"

"ಬೇಕರೀದು. ಅಲ್ಲಿ ಸೌದೆ ಒಲೆ."

"ಇಡಿ ಹಾಗಾದ್ರೆ. ಎರಡೂ ಇರಲಿ. ಅವರೇ ನೋಡಿ ತಗೊಳ್ಳಲಿ."

ನಾನು ಬೇಡ ಎನ್ನಬೇಕೆಂದುಕೊಂಡೆ. ದಿನಾ ಬ್ರೆಡ್ ತಿನ್ನುವ ಕಾಗೆ ಇವತ್ತು ವಡೆ ಯಾಕೆ ತಿನ್ನುತ್ತದೆ? ಆದರೆ ಒಡತಿ ಆಗಲೇ ಒಂದು ತುಂಡು ತಂದು ಎಲೆಯಿಂದ ಅಷ್ಟು ದೂರದಲ್ಲಿ ಇಟ್ಟು ಹಿಂದೆ ಸರಿದಿದ್ದರು.

ಒಂದು ಕಾಗೆ ಇಳಿಯಿತು. ಸ್ವಲ್ಪ ಕುಂಟುತ್ತಿತ್ತು. ನೇರ ಬ್ರೆಡ್ಡಿನ ಬಳಿಗೆ ಹೋಯಿತು. ತಲೆ ಓರೆ ಮಾಡಿ ನೋಡಿತು. ಕೊಕ್ಕಿನಿಂದ ಒಮ್ಮೆ ಮಗುಚಿತು. ಅತ್ತೆ ಕಂಬ ಹಿಡಿದು ಎದ್ದು ನಿಂತಿದ್ದರು. ಕಾಗೆ ಬ್ರೆಡ್ಡನ್ನು ಬಿಟ್ಟು ಎಲೆಯ ಕಡೆ ನಡೆದುಹೋಯಿತು. ಹಾರಲಿಲ್ಲ, ನಡೆಯಿತು. ಅನ್ನದ ಮೇಲೆ ಕಾಲಿಟ್ಟು ವಡೆಯನ್ನು ಕಚ್ಚಿಕೊಂಡು, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಬಂಗಲೆಯ ಹೆಂಚಿನ ಮೇಲಕ್ಕೆ ಹಾರಿತು.

"ಬಂತಾ?" ಎಂದರು ಪುರೋಹಿತರು.

"ಬಂದ್ರು," ಎಂದರು ಅತ್ತೆ. "ಬ್ರೆಡ್ಡು ಅವರಿಗೆ ಯಾವತ್ತೂ ಸೇರ್ತಿರಲಿಲ್ಲ. ಜ್ವರ ಬಂದಾಗ ಮಾತ್ರ."

ಪುರೋಹಿತರ ಊಟ ಮೊದಲು. ಕಣ್ಣು ಕಾಣದೆ, ಯಾವುದು ಎಲ್ಲಿದೆ ಎಂದು ಗಂಡ ಹೇಳುತ್ತ ಹೋದಂತೆ ಅವರು ತಡವಿ ಉಂಡರು. ಆಮೇಲೆ ಅತ್ತೆ ವೆರಾಂಡದ ನೆಲಕ್ಕೆ ನೀರು ಚಿಮುಕಿಸಿ, ಎಲೆ ಹಾಕಿಕೊಂಡು ಕೂತರು. ನಾನು ಅನ್ನ ಬಡಿಸಿದೆ, ತೊವ್ವೆ ಹಾಕಿದೆ. ಕಲಸಿದರು. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಏನೂ ವಾಸನೇನೇ ಇಲ್ಲ ಕಣೇ ಇದಕ್ಕೆ. ನೀರು ತಿಂದ ಹಾಗಿದೆ."

ನಾನು ಸೌಟು ಹಿಡಿದು ನಿಂತೇ ಇದ್ದೆ. ಅವರು ಎಲೆಯನ್ನು ಬೆರಳಿನಿಂದ ಬಳಿದು ಪೂರ್ತಿ ಖಾಲಿ ಮಾಡಿದರು. ಆಮೇಲೆ ತಲೆ ಎತ್ತದೆ ಎಲೆಯ ಮಧ್ಯವನ್ನು ತೋರಿಸಿದರು.

"ಇನ್ನೊಂದು ಸ್ವಲ್ಪ ಹಾಕು."