ಓರೆಯಾಗಿ ಅಚ್ಚಾದ ನಾಣ್ಯ

ಮೊನ್ನೆ ಅಮೆರಿಕದ ನಮ್ಮೂರು ಲಿಸ್ಲ್‌ನ ನಾಣ್ಯ ಪ್ರದರ್ಶನದಲ್ಲಿ ಮೊಮ್ಮಗಳು ಒಂದು ನಾಣ್ಯವನ್ನು ನನ್ನ ಕೈಗಿಟ್ಟು ತೋರಿಸಿದಳು. ಚಿತ್ರವೆಲ್ಲ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕ ಬೋಳಾಗಿತ್ತು.

"ಫೇಕ್ ಅಲ್ಲ ಅಜ್ಜಿ, ಮಿಂಟ್ ಎರರ್! ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾಗಿದ್ದು. ಅದಕ್ಕೇ ಇಷ್ಟು ರೇಟ್."

ನಮ್ಮಪ್ಪನ ದಿನಸಿ ಅಂಗಡಿ ಕಣ್ಮುಂದೆ ಬಂತು. ಅಪ್ಪ ಪ್ರತಿ ನಾಣ್ಯವನ್ನೂ ಕಲ್ಲಿನ ಮೇಲೆ ಕುಟ್ಟಿ, ಸದ್ದು ಕೇಳಿದ ಮೇಲೇ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಹೂ ಮಾರುವ ಸಾಕಮ್ಮ ಇಂಥದ್ದೇ ನಾಣ್ಯ ಕೊಟ್ಟಾಗ ಸದ್ದು ಸರಿಯಾಗಿಯೇ ಬಂದಿತ್ತು. ಆದರೂ ಅದನ್ನು ಬೀದಿಗೆಸೆದು, "ಖೋಟಾ ಕಾಸು ತಂದು ನನ್ನನ್ನೇ ಯಾಮಾರಿಸ್ತೀಯೇನೇ?" ಎಂದು ಎಲ್ಲರೆದುರು ಗದರಿದರು.

"ದೇವ್ರಾಣೆ ಸ್ವಾಮಿ, ಬಸ್ ಕಂಡಕ್ಟರ್ ಕೊಟ್ಟಿದ್ದು" ಎನ್ನುತ್ತಾ ಅವಳು ಮಣ್ಣಿನಲ್ಲಿ ಹುಡುಕುತ್ತಿದ್ದಳು. ನಾನು ಅಪ್ಪನ ಪಕ್ಕ ಬೀಗುತ್ತಾ ನಿಂತಿದ್ದೆ. ಅಪ್ಪನ ಜಾಣತನದ ಕಥೆಯೆಂದು ಅದನ್ನೇ ಹೇಳಿ ಇಲ್ಲಿ ಮಕ್ಕಳು, ಮೊಮ್ಮಕ್ಕಳನ್ನು ಬೆಳೆಸಿದೆ.

"ಅಜ್ಜಿ, ಮುತ್ತಾತ ಹಿಡಿದ ಫೇಕ್ ಕಾಯಿನ್ ಹೇಗಿತ್ತು?" ಎಂದಳು ಮೊಮ್ಮಗಳು.

ಅವಳ ಮುಖ ನೋಡಲಾಗಲಿಲ್ಲ. ನಾಣ್ಯವನ್ನು ಹಿಂದಿರುಗಿಸಿ, "ಹೀಗೇ ಇತ್ತು ಕಣೇ" ಎಂದೆ.